ಸೇವಿಂಗ್ ಥ್ರೋನಲ್ಲಿ 20 ಬಿದ್ರೂ ಫೇಲಾ? ನಮ್ಮ ಟೇಬಲ್ ಎರಡು ಹೋಳಾಗಿದೆ

ಗುಹೆಗಾರ:
ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ದಾಳ ಹಾಕಿ, ಪಾತ್ರ ವಹಿಸಿ ಆಡೋ ಕಥೆಯಾಟ) ಆಡೋರೆಲ್ಲ ಬಂದು ಸ್ವಲ್ಪ ಪಂಚಾಯಿತಿ ಮಾಡಿಕೊಡಿ. ನಾನು ಡಿಎಂ, ಅಂದ್ರೆ ಆಟ ನಡೆಸೋನು. ಆಡ್ತಿರೋದು 5ನೇ ಆವೃತ್ತಿ, 2014ರ ಪುಸ್ತಕ. ಪಾರ್ಟಿ 11ನೇ ಲೆವೆಲ್.

ಭಾನುವಾರ ಅಡಲ್ಟ್ ರೆಡ್ ಡ್ರ್ಯಾಗನ್ ಜೊತೆ ಫೈಟು. ಎರಡನೇ ರೌಂಡಲ್ಲಿ ಬೆಂಕಿ ಉಗುಳ್ತು. 60 ಅಡಿ ಕೋನ್. ತಪ್ಪಿಸ್ಕೊಳ್ಳೋಕೆ ಡೆಕ್ಸ್ ಸೇವ್ (20 ಮುಖದ ದಾಳಕ್ಕೆ ಚುರುಕುತನದ ಬೋನಸ್ ಸೇರಿಸಿ ಹಾಕೋ ಸೇವಿಂಗ್ ಥ್ರೋ), ಡಿಸಿ (ಮುಟ್ಟಬೇಕಾದ ಸಂಖ್ಯೆ) 21. ಡ್ಯಾಮೇಜ್ 18 ಡಿ6 (ಆರು ಮುಖದ 18 ದಾಳ), ಸೇವ್ ಆದ್ರೆ ಅರ್ಧ. ನಮ್ಮ ಫೈಟರ್ ಪ್ಲೇಟ್ ಆರ್ಮರ್ ಹಾಕ್ಕೊಂಡು ಮುಂದೆ ನಿಂತಿದ್ದ. ಅವನ ಡೆಕ್ಸ್ 10, ಅಂದ್ರೆ ಬೋನಸ್ ಸೊನ್ನೆ. ದಾಳ ಹಾಕ್ದ. 20! ಟೇಬಲ್ಲಲ್ಲಿ ಇದ್ದೋರೆಲ್ಲ ಎದ್ದು ಕೂಗಾಡಿ, ಪಕ್ಕದ ಮನೆಯವರು ಬಾಗಿಲು ತಟ್ಟೋದೊಂದು ಬಾಕಿ.

ನಾನು "ಟೋಟಲ್ ಎಷ್ಟು" ಅಂದೆ. "20" ಅಂದ. "ಹಾಗಾದ್ರೆ ಫೇಲ್" ಅಂದೆ.

ಡ್ಯಾಮೇಜ್ 66 ಬಿತ್ತು, ಅವನ ಹತ್ರ ಉಳಿದಿದ್ದ ಹಿಟ್ ಪಾಯಿಂಟ್ (ಜೀವ) 58. ಬಿದ್ದ. ಡೆತ್ ಸೇವ್ (ಬಿದ್ದವನು ಬದುಕ್ತಾನಾ ಅಂತ ಹಾಕೋ ದಾಳ, ಮೂರು ಫೇಲ್ ಆದ್ರೆ ಸಾವು) ಮೊದಲನೇದು 7, ಎರಡನೇದು 1. ಕಥೆ ಮುಗೀತು. ಕ್ಲೆರಿಕ್ (ಗಾಯ ವಾಸಿ ಮಾಡೋ ಪಾತ್ರ) ಆಡೋರು ಅವತ್ತು ಮದುವೆಗೆ ಹೋಗಿದ್ರು, ಹಾಗಾಗಿ ಎಬ್ಬಿಸೋಕೆ ಯಾರೂ ಇರಲಿಲ್ಲ.

ಈಗ ವಾಟ್ಸಾಪ್ ಗ್ರೂಪಲ್ಲಿ ಮೂರು ಜನ ನನ್ನ ಕಡೆ, ಮೂರು ಜನ ಅವನ ಕಡೆ. 20 ಬಿದ್ದ ಮೇಲೆ ಸೇವ್ ಆಗಲೇಬೇಕು ಅಂತ ರೂಲ್ ಇದೆಯಾ ಇಲ್ವಾ?

ಲೆಕ್ಕದ_ಮೇಷ್ಟ್ರು:
ಇಲ್ಲ. 2014ರ ಪುಸ್ತಕದಲ್ಲಿ 20 ಬಿದ್ರೆ ತಾನಾಗೇ ಪಾಸ್, 1 ಬಿದ್ರೆ ತಾನಾಗೇ ಫೇಲ್ ಅನ್ನೋದು ಅಟ್ಯಾಕ್ ರೋಲ್‌ಗೆ ಮಾತ್ರ. ಸೇವ್‌ಗೂ ಇಲ್ಲ, ಎಬಿಲಿಟಿ ಚೆಕ್‌ಗೂ (ಬೀಗ ತೆಗೆಯೋ ಥರದ ಕೆಲಸಕ್ಕೆ ಹಾಕೋ ದಾಳ) ಇಲ್ಲ. ಡೆತ್ ಸೇವ್ ಒಂದು ಬೇರೆ. ಅದರಲ್ಲಿ 20 ಬಿದ್ರೆ 1 ಹಿಟ್ ಪಾಯಿಂಟ್ ಜೊತೆ ಎದ್ದು ಕೂರ್ತಾನೆ, 1 ಬಿದ್ರೆ ಎರಡು ಫೇಲ್ ಲೆಕ್ಕ. ನಿಮ್ಮ ತೀರ್ಪು ಸರಿ.

ಜನಕ್ಕೆ ಈ ಗೊಂದಲ ಸುಮ್ನೆ ಬಂದಿಲ್ಲ. 2000ರಲ್ಲಿ ಬಂದ 3ನೇ ಆವೃತ್ತಿಯಲ್ಲಿ ಸೇವ್‌ಗೂ ಈ ರೂಲ್ ಇತ್ತು. ಆಗ ಆಡಿದೋರ ತಲೇಲಿ ಅದೇ ಕೂತಿದೆ. ಆಮೇಲೆ 2023ರಲ್ಲಿ ಬಾಲ್ಡರ್ಸ್ ಗೇಟ್ 3 ಅನ್ನೋ ಕಂಪ್ಯೂಟರ್ ಗೇಮ್ ಬಂತು. ಅದರಲ್ಲಿ ಬೀಗ ತೆಗೆಯೋಕೆ, ಮಾತಲ್ಲಿ ಮರುಳು ಮಾಡೋಕೆ 20 ಬಿದ್ರೆ ಆಯ್ತು ಅಂತಲೇ ಲೆಕ್ಕ. ಕಂಪ್ಯೂಟರ್ ಮುಂದೆ ಕಲಿತ ಚಾಳಿ ಟೇಬಲ್ಲಿಗೂ ಬರತ್ತೆ.

ಧಾರವಾಡ_ಡ್ರೂಯಿಡ್:
ಅಲ್ರೀ ಗುಹೆಗಾರ್ರ, ನಂದೊಂದು ಪ್ರಶ್ನೆ ಐತಿ. ಅವನ ಬೋನಸ್ ಸೊನ್ನೆ, ಡಿಸಿ 21. 20 ಬಿದ್ರೂ ಪಾಸ್ ಆಗೂದಿಲ್ಲ ಅಂತ ನಿಮಗ ಮೊದಲ ಗೊತ್ತಿತ್ತಲ್ಲ? ಮತ್ತ ದಾಳ ಯಾಕ ಒಗಿಸಿದ್ರಿ? ಪೋರ್ಷನ್‌ನಾಗ ಇಲ್ಲದ ಪ್ರಶ್ನೆ ಕೇಳಿ ಹುಡುಗರನ್ನ ಫೇಲ್ ಮಾಡಿದಂಗಾತು ಇದು.

ಕುಡ್ಲ_ಕ್ಲೆರಿಕ್:
ಡ್ರೂಯಿಡ್ ಹೇಳಿದ್ದು ಸರಿ ಉಂಟು ಮಾರ್ರೆ. ಸಿಕ್ಕುವ ಚಾನ್ಸೇ ಇಲ್ಲದಿದ್ದರೆ "ನಿನಗೆ ತಪ್ಪಿಸಿಕೊಳ್ಳಲಿಕ್ಕೆ ಆಗುವುದಿಲ್ಲ" ಅಂತ ಸೀದಾ ಹೇಳಿ ಮುಗಿಸಬೇಕಿತ್ತು. ಅಷ್ಟು ಜನ ಕುಣಿದ ಮೇಲೆ ಇಲ್ಲ ಅಂದರೆ ಯಾರಿಗಾದರೂ ಸಿಟ್ಟು ಬರ್ತದೆ.

ಮತ್ತೆ 2024ರ ಹೊಸ ಪುಸ್ತಕದಲ್ಲಿ ಇದನ್ನು ಬದಲು ಮಾಡಿದ್ದಾರೆ ಅಲ್ವಾ? 20 ಬಿದ್ದರೆ ಎಲ್ಲದಕ್ಕೂ ಪಾಸ್ ಅಂತ ಓದಿದ ನೆನಪು.

ಲೆಕ್ಕದ_ಮೇಷ್ಟ್ರು:
ನೀವು ಓದಿದ್ದು 2022ರ ಪ್ಲೇಟೆಸ್ಟ್ ಪ್ಯಾಕೆಟ್, ಅಂದ್ರೆ ಆಡಿ ನೋಡೋಕೆ ಬಿಟ್ಟ ಕರಡು. ಅದರಲ್ಲಿ ಅಟ್ಯಾಕ್, ಚೆಕ್, ಸೇವ್ ಮೂರಕ್ಕೂ ಸೇರಿಸಿ 20 ಅಂದ್ರೆ ಪಾಸ್, 1 ಅಂದ್ರೆ ಫೇಲ್ ಅಂತ ಹಾಕಿದ್ರು. ಕೊನೆಗೆ ಅಚ್ಚಾಗಿ ಬಂದ ಪುಸ್ತಕದಲ್ಲಿ ಅದು ಉಳೀಲಿಲ್ಲ. 2024ರಲ್ಲೂ ಅಟ್ಯಾಕ್‌ಗೆ ಮಾತ್ರ.

ಗುಹೆಗಾರ:
@ಧಾರವಾಡ_ಡ್ರೂಯಿಡ್ ದಾಳ ಹಾಕಿಸ್ದೇ ಇದ್ರೆ "ಡಿಸಿ 20ಕ್ಕಿಂತ ಜಾಸ್ತಿ" ಅಂತ ನಾನೇ ಬಾಯಿಬಿಟ್ಟ ಹಾಗಲ್ವಾ ಸಾರ್? ಇನ್ನೊಂದು, ಯಾರ ಹತ್ರ ಏನು ಬೋನಸ್ ಇದೆ ಅಂತ ನಾನು ಲೆಕ್ಕ ಇಟ್ಕೊಂಡು ಕೂರೋಕಾಗಲ್ಲ. ಯಾರಾದ್ರೂ ಬ್ಲೆಸ್ ಸ್ಪೆಲ್ ಹಾಕಿದ್ರೆ ಒಂದು ಡಿ4 (ನಾಲ್ಕು ಮುಖದ ದಾಳ) ಸೇರತ್ತೆ. ಕನಿಷ್ಠ 1 ಸೇರಿದ್ರೂ 21 ಆಗಿ ಬಚಾವ್. ಪಾಲಡಿನ್ ಪಕ್ಕದಲ್ಲಿ ನಿಂತಿದ್ದಿದ್ರೆ ಅವನ ಔರಾದಿಂದ (ಸುತ್ತಲಿನವರ ಸೇವ್ ಹೆಚ್ಚಿಸೋ ಶಕ್ತಿ) +3. ಆಟಗಾರರು ಹೇಳಬೇಕು ಅದನ್ನ.

ಶಿರಸಿ_ಸೋರ್ಸರರ್:
ಪಾಲಡಿನ್ ಎಲ್ಲಿದ್ದ?

ಗುಹೆಗಾರ:
15 ಅಡಿ ದೂರ. ಔರಾ ಬರೋದು 10 ಅಡಿಗೆ.

ಶಿರಸಿ_ಸೋರ್ಸರರ್:
ಅಯ್ಯೋ ದೇವ್ರೇ. ಒಂದು ಚೌಕ, ಬರೀ 5 ಅಡಿ.

ಸುಟ್ಟ_ಕವಚ:
ನಮಸ್ಕಾರ. ಆ ಫೈಟರ್ ನಾನೇ. ಡಿಎಂ ಅರ್ಧ ಕಥೆ ಮಾತ್ರ ಹೇಳಿದ್ದಾರೆ.

ನಾನು ಬಯಲಲ್ಲಿ ನಿಂತಿರಲಿಲ್ಲ. ಮುರಿದ ಕಂಬದ ಹಿಂದೆ ಇದ್ದೆ. ನನ್ನ ಮಿನಿ (ಪಾತ್ರದ ಬೊಂಬೆ) ಆ ಕಂಬಕ್ಕೆ ಒರಗಿಸಿಯೇ ಇಟ್ಟಿತ್ತು, ಫೋಟೋ ಇದೆ. ಹಾಫ್ ಕವರ್ (ಅರ್ಧ ಮರೆ) ಇದ್ರೆ ಎಸಿಗೂ (ಹೊಡೆತ ತಗುಲದಂತೆ ಕಾಯೋ ಸಂಖ್ಯೆ) ಡೆಕ್ಸ್ ಸೇವ್‌ಗೂ +2. ಎಸಿ ಎಲ್ಲರಿಗೂ ನೆನಪಿರತ್ತೆ, ಡೆಕ್ಸ್ ಸೇವ್ ಯಾರಿಗೂ ನೆನಪಿರಲ್ಲ. 20ಕ್ಕೆ 2 ಸೇರಿದ್ರೆ 22. ಪಾಸ್. ಅರ್ಧ ಡ್ಯಾಮೇಜ್ 33. ನಾನು 25 ಹಿಟ್ ಪಾಯಿಂಟ್‌ನಲ್ಲಿ ನಿಂತಿರ್ತಿದ್ದೆ.

ಕುಡ್ಲ_ಕ್ಲೆರಿಕ್:
ಓಹೋ! ಈಗ ನೋಡಿ, ಕೇಸು ಬೇರೆಯೇ ಆಯ್ತು.

ಗುಹೆಗಾರ:
ಡ್ರ್ಯಾಗನ್ ಹಾರ್ತಾ ಇತ್ತು ಮಾರಾಯಾ! 40 ಅಡಿ ಮೇಲೆ. ನಿನ್ನ ಕಂಬ ಸೊಂಟದ ಎತ್ತರ. ಕವರ್ ನೋಡೋದು ಬೆಂಕಿ ಹೊರಡೋ ಜಾಗದಿಂದ, ನಕ್ಷೆ ಮೇಲೆ ಮಿನಿ ಎಲ್ಲಿದೆ ಅಂತಲ್ಲ. ಮೇಲಿಂದ ಉಗುಳಿದ್ರೆ ಸೊಂಟದ ಕಂಬ ಏನು ಮಾಡತ್ತೆ?

ಸುಟ್ಟ_ಕವಚ:
40 ಅಡಿ ಮೇಲೆ ಇರಬಹುದು, ಆದರೆ ನನ್ನ ನೆತ್ತಿ ಮೇಲೆ ಇರಲಿಲ್ಲ. ಓರೆಯಾಗಿ 30 ಅಡಿ ಆಚೆ ಇತ್ತು. ನಾನು ಮಂಡಿಯೂರಿ ಗುರಾಣಿ ಮೇಲೆತ್ತಿದೆ ಅಂತ ಬಾಯಲ್ಲಿ ಹೇಳಿದ್ದೆ ಕೂಡ. ನಮ್ಮ ರೋಗ್ (ಕಳ್ಳನ ಪಾತ್ರ) ಸಾಕ್ಷಿ.

ಧಾರವಾಡ_ಡ್ರೂಯಿಡ್:
ರೋಗ್ ಸಾಕ್ಷಿ ಅಂದ್ರ ಕೋರ್ಟಿನಾಗ ನಡೀತೇತೇನ್ರೀ 😄

ಸುಟ್ಟ_ಕವಚ:
ಆ ರೋಗ್ ಕಥೆ ಇನ್ನೂ ಉರಿಸತ್ತೆ. ಅವನಿಗೆ ಬಿದ್ದಿದ್ದು 14. ಡೆಕ್ಸ್ 20, ಪ್ರಾಫಿಷಿಯೆನ್ಸಿ (ಪರಿಣತಿಯ ಬೋನಸ್) ಬೇರೆ, ಒಟ್ಟು +9. 23 ಆಯ್ತು. ಮೇಲೆ ಇವೇಷನ್ ಇದೆ, ಹಾಗಾಗಿ ಅರ್ಧವೂ ಇಲ್ಲ, ಪೂರ್ತಿ ಸೊನ್ನೆ. ನನ್ನ ಪಕ್ಕದ ಚೌಕದಲ್ಲೇ ನಿಂತಿದ್ದ. ನಾನು ಬೂದಿ, ಅವನು ಅಂಗಿ ಕೊಡವಿಕೊಂಡು ಹೋದ.

ಹಳೇ_ಪೆಟ್ಟಿಗೆ:
ಮಕ್ಕಳಾ, ಕಂಬದ ಜಗಳ ಬಿಡಿ. ನಿಮ್ಮ ನಿಜವಾದ ತೊಂದರೆ ಬೇರೆ ಕಡೆ ಇದೆ.

ನಾನು ಕಲಿತದ್ದು 1983ರ ಕೆಂಪು ಡಬ್ಬಿಯಿಂದ, ಅಂದ್ರೆ ಆ ಕಾಲದ ಡಿ ಅಂಡ್ ಡಿ ಸೆಟ್‌ನಿಂದ, ವಿದೇಶದಲ್ಲಿದ್ದ ಮಾವ ತಂದುಕೊಟ್ಟದ್ದು. ಅದರಲ್ಲಿ ಡಿಸಿ ಅನ್ನೋ ಮಾತೇ ಇರಲಿಲ್ಲ. ನಿನ್ನ ಸೇವ್ ಎಷ್ಟು ಅನ್ನೋದು ನಿನ್ನ ಹಾಳೆಯಲ್ಲೇ ಬರೆದಿರ್ತಿತ್ತು. ಐದು ಸಾಲು: ಸಾವಿನ ಕಿರಣ ಮತ್ತು ವಿಷ, ಮಂತ್ರದಂಡ, ಕಲ್ಲಾಗೋದು ಮತ್ತು ಪಾರ್ಶ್ವವಾಯು, ಡ್ರ್ಯಾಗನ್ ಉಸಿರು, ಕೊನೆಗೆ ಕೋಲು ಮತ್ತು ಸ್ಪೆಲ್. ಮೊದಲ ಲೆವೆಲ್ ಫೈಟರ್‌ಗೆ ಕ್ರಮವಾಗಿ 12, 13, 14, 15, 16. ಅಷ್ಟು ಅಥವಾ ಜಾಸ್ತಿ ಬಿದ್ರೆ ಬಚಾವ್. ಎದುರಿಗೆ ಇರೋ ಡ್ರ್ಯಾಗನ್ ಮರಿಯೋ ಮುದಿಯೋ, ನಿನಗೆ ಬೇಕಾದ್ದು 15 ಅಷ್ಟೇ. ಅದು ಎಷ್ಟು ದೊಡ್ಡದು ಅನ್ನೋದು ಡ್ಯಾಮೇಜ್‌ನಲ್ಲಿ ಗೊತ್ತಾಗ್ತಿತ್ತು, ಸೇವ್‌ನಲ್ಲಲ್ಲ.

ಅಂದ್ರೆ ಸೇವ್ ಅನ್ನೋದು ನಿನ್ನ ಆಸ್ತಿ. ಲೆವೆಲ್ ಏರಿದ ಹಾಗೆ ಸಂಖ್ಯೆ ಇಳೀತಾ ಬರ್ತಿತ್ತು, ನೀನು ಗಟ್ಟಿ ಆಗ್ತಾ ಹೋಗ್ತಿದ್ದೆ. ಇವತ್ತಿನ ಡಿಸಿ ಉಗುಳೋನ ಆಸ್ತಿ. ಹನ್ನೊಂದು ಲೆವೆಲ್ ಬೆವರು ಸುರಿಸಿದ ಫೈಟರ್, 20 ಬಿದ್ರೂ ಸಾಯ್ತಾನೆ ಅಂದ್ರೆ ಏನರ್ಥ?

ಚೌಕಾಬಾರ_ಚಾಂಪಿಯನ್:
ಹೊಸಬ ಇಲ್ಲಿ. ಈ "ಸಾವಿನ ಕಿರಣ" ನಿಜವಾಗ್ಲೂ ಇತ್ತಾ ಅಥವಾ ಅಂಕಲ್ ಕಾಲೆಳೀತಿದ್ದಾರಾ?

ಹಳೇ_ಪೆಟ್ಟಿಗೆ:
ಇತ್ತಪ್ಪಾ. 1974ರ ಮೊದಲ ಪುಸ್ತಕದಿಂದಲೂ ಇತ್ತು. ಅದಕ್ಕೂ ಹಿಂದೆ, 1971ರ ಚೈನ್‌ಮೇಲ್‌ನಲ್ಲಿ, ಅಂದ್ರೆ ಬೊಂಬೆ ಸೈನಿಕರ ಯುದ್ಧದಾಟದಲ್ಲಿ, ಕೊನೆಗೆ ಸೇರಿಸಿದ್ದ ಫ್ಯಾಂಟಸಿ ಭಾಗದಲ್ಲೇ ಸೇವಿಂಗ್ ಥ್ರೋ ಇತ್ತು. ಫೈರ್‌ಬಾಲ್ ಬಿದ್ರೆ ಸಾಮಾನ್ಯ ಸೈನಿಕ ಸತ್ತ. ಹೀರೋಗೆ ಮಾತ್ರ ಒಂದು ಕೊನೇ ಅವಕಾಶ. ಬೇರು ಅಲ್ಲಿದೆ: ಸಾಮಾನ್ಯರಿಗೆ ಇಲ್ಲದ್ದು ಹೀರೋಗೆ ಇರೋದೇ ಸೇವ್.

1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಈ ಆಟ ಕಟ್ಟಿದೋರಲ್ಲಿ ಒಬ್ಬನಾದ ಗೈಗ್ಯಾಕ್ಸ್ ಇದೇ ನಿಮ್ಮ ಜಗಳಕ್ಕೆ ಉತ್ತರ ಬರೆದಿಟ್ಟು ಹೋಗಿದ್ದಾನೆ. ಬಂಡೆಗೆ ಸರಪಳಿಯಲ್ಲಿ ಬಿಗಿದಿರೋ ಫೈಟರ್ ಮೇಲೆ ಡ್ರ್ಯಾಗನ್ ಬೆಂಕಿ ಉಗುಳಿದ್ರೆ ಅವನಿಗೂ ಸೇವ್ ಕೊಡಬೇಕಾ ಅಂತ ತಾನೇ ಕೇಳಿಕೊಳ್ತಾನೆ. ಕೊಡಿ ಅಂತಾನೆ. ಕೊನೇ ಕ್ಷಣದಲ್ಲಿ ಬಂಡೆಯಲ್ಲೊಂದು ಬಿರುಕು ಸಿಕ್ಕಿರಬಹುದು, ಸರಪಳಿ ಸಡಿಲ ಆಗಿರಬಹುದು. ಮೊದಲು ದಾಳ, ಆಮೇಲೆ ಅದು ಹೇಗಾಯ್ತು ಅನ್ನೋ ಕಥೆ. ಇವತ್ತು ಉಲ್ಟಾ. ಮೊದಲು ಕಂಬ ಎಷ್ಟು ಎತ್ತರ ಅಂತ ಟೇಪ್ ಹಿಡಿದು ಅಳೀತೀರಿ.

ಗುಹೆಗಾರ:
ಸಾರ್, ಇದು ಚೆನ್ನಾಗಿದೆ. ಆದರೆ ಆ ಕಾಲದಲ್ಲಿ ಜೇಡ ಕಚ್ಚಿ ಒಂದೇ ದಾಳಕ್ಕೆ ಸಾಯ್ತಿದ್ರಲ್ಲ, ಅದನ್ನೂ ಹೇಳಿ.

ಹಳೇ_ಪೆಟ್ಟಿಗೆ:
ಸಾಯ್ತಿದ್ವಿ. ಸಂತೋಷವಾಗಿ ಸಾಯ್ತಿದ್ವಿ. ಕುಳ್ಳ ಡ್ವಾರ್ಫ್‌ಗೆ ವಿಷಕ್ಕೆ 8 ಸಾಕಿತ್ತು, ಅಂದ್ರೆ 65 ಪರ್ಸೆಂಟ್. ಫೈಟರ್‌ಗೆ 12, 45 ಪರ್ಸೆಂಟ್. ಅದಕ್ಕೇ ವಿಷದ ಮುಳ್ಳು ಇರಬಹುದಾದ ಪೆಟ್ಟಿಗೆ ಮುಟ್ಟೋಕೆ ಡ್ವಾರ್ಫ್‌ನೇ ಮುಂದೆ ಬಿಡ್ತಿದ್ವಿ.

ನ್ಯೂಜರ್ಸಿ_ನೆಕ್ರೋ:
ಹಳೇ ಪೆಟ್ಟಿಗೆಯವರು ಸ್ವಲ್ಪ ಬಣ್ಣ ಹಚ್ಚಿ ಹೇಳ್ತಿದ್ದಾರೆ. ಆ ಐದು ಸಾಲು ಒಂದು ಕಸದ ಬುಟ್ಟಿ. ಮಂತ್ರದಂಡದಿಂದ ಫೈರ್‌ಬಾಲ್ ಬಂದ್ರೆ ಒಂದು ಸಂಖ್ಯೆ, ಅದೇ ಫೈರ್‌ಬಾಲನ್ನ ಮಾಂತ್ರಿಕ ಕೈಯಿಂದ ಎಸೆದ್ರೆ ಇನ್ನೊಂದು. ಬೆಂಕಿಯಿಂದ ತಪ್ಪಿಸ್ಕೊಳ್ಳೋನಿಗೆ ಅದು ಎಲ್ಲಿಂದ ಬಂತು ಅನ್ನೋದು ಕಟ್ಕೊಂಡು ಏನಾಗಬೇಕು? ಚುರುಕು ಕಾಲಿನವನಿಗೂ ಮರದ ಕೊರಡಿನಂಥವನಿಗೂ ಕ್ಲಾಸ್ ಒಂದೇ ಆದ್ರೆ ಸೇವ್ ಒಂದೇ. ಅದನ್ನ ಸರಿ ಮಾಡಿದ್ದು 3ನೇ ಆವೃತ್ತಿ. ಫಾರ್ಟಿಟ್ಯೂಡ್, ರಿಫ್ಲೆಕ್ಸ್, ವಿಲ್. ತಡ್ಕೋ, ತಪ್ಪಿಸ್ಕೋ, ಮನಸ್ಸು ಗಟ್ಟಿ ಮಾಡ್ಕೋ. ಕೇಳಿದ ತಕ್ಷಣ ಯಾವುದು ಅಂತ ಗೊತ್ತಾಗತ್ತೆ.

ಲೆಕ್ಕದ_ಮೇಷ್ಟ್ರು:
ಆದರೆ 3ನೇ ಆವೃತ್ತಿಯಲ್ಲೇ ಹಳೇ ಪೆಟ್ಟಿಗೆ ಹೇಳೋ ರೋಗ ಶುರುವಾಗಿದ್ದೂ ನಿಜ. ಡಿಸಿ ಅನ್ನೋದು ಬಂದಿದ್ದೇ ಅಲ್ಲಿ: 10, ಅದಕ್ಕೆ ಸ್ಪೆಲ್ ಲೆವೆಲ್, ಅದಕ್ಕೆ ಮಾಂತ್ರಿಕನ ಬುದ್ಧಿ ಬೋನಸ್. 20ನೇ ಲೆವೆಲ್‌ನಲ್ಲಿ ಕ್ಲಾಸಿನ ಒಳ್ಳೇ ಸೇವ್ +12, ಕೆಟ್ಟ ಸೇವ್ +6. ಫೈಟರ್‌ನ ವಿಲ್ ಆ ಕೆಟ್ಟ ಸಾಲಲ್ಲಿ ಇದೆ.

ಪಕ್ಕಪಕ್ಕ ಇಟ್ಟು ನೋಡೋಣ. ಹಳೇ ಅಡ್ವಾನ್ಸ್ಡ್ ಡಿ ಅಂಡ್ ಡಿ ಟೇಬಲ್‌ನಲ್ಲಿ ಫೈಟರ್‌ಗೆ ಸ್ಪೆಲ್ ವಿರುದ್ಧ ಮೊದಲ ಲೆವೆಲ್‌ನಲ್ಲಿ 17 ಬೇಕು, 20 ಪರ್ಸೆಂಟ್. 17ನೇ ಲೆವೆಲ್‌ಗೆ ಬಂದಾಗ 6 ಸಾಕು, 75 ಪರ್ಸೆಂಟ್.

5ನೇ ಆವೃತ್ತಿಯಲ್ಲಿ ಡಿಸಿ ಅಂದ್ರೆ 8, ಪ್ರಾಫಿಷಿಯೆನ್ಸಿ, ಎಬಿಲಿಟಿ ಬೋನಸ್. ಮೊದಲ ಲೆವೆಲ್ ವಿಸರ್ಡ್‌ದು 8+2+3, 13. ವಿಸ್‌ಡಮ್ ಬೋನಸ್ ಸೊನ್ನೆ ಇರೋ ಫೈಟರ್‌ಗೆ 40 ಪರ್ಸೆಂಟ್ ಚಾನ್ಸ್. 17ನೇ ಲೆವೆಲ್ ವಿಸರ್ಡ್‌ದು 8+6+5, 19. ಅದೇ ಫೈಟರ್‌ಗೆ 10 ಪರ್ಸೆಂಟ್. ಒಂದು ಕಾಲದಲ್ಲಿ 20ರಿಂದ 75ಕ್ಕೆ ಏರ್ತಿದ್ದ, ಈಗ 40ರಿಂದ 10ಕ್ಕೆ ಇಳೀತಾನೆ. ಅವನು ದಡ್ಡ ಆಗಲಿಲ್ಲ, ಇದ್ದಲ್ಲೇ ಇದ್ದ. ಪ್ರಪಂಚ ಮುಂದೆ ಹೋಯ್ತು.

ಸುಟ್ಟ_ಕವಚ:
ಇದನ್ನ ಪ್ರಿಂಟ್ ತೆಗೆದು ಡಿಎಂ ಸ್ಕ್ರೀನ್‌ಗೆ ಅಂಟಿಸ್ತೀನಿ.

ಶಿರಸಿ_ಸೋರ್ಸರರ್:
ಅಂಟಿಸೋದಕ್ಕೂ ಮೊದಲು ಒಂದು ಮಾತು. 5ನೇ ಆವೃತ್ತಿಯಲ್ಲಿ ಫೈಟರ್‌ಗೆ ಎಬಿಲಿಟಿ ಏರಿಸೋ ಅವಕಾಶ ಏಳು ಸಲ ಬರ್ತದೆ, ವಿಸರ್ಡ್‌ಗೆ ಐದು. 11ರೊಳಗೇ ನಿಂಗೆ ಮೂರು ಸಿಕ್ಕಿತ್ತು. ಒಂದನ್ನ ರೆಸಿಲಿಯೆಂಟ್ ಅನ್ನೋ ವಿಶೇಷ ಸಾಮರ್ಥ್ಯದ ಫೀಟ್‌ಗೆ ಹಾಕಿದ್ರೆ ಆ ಸೇವ್‌ಗೆ ಪ್ರಾಫಿಷಿಯೆನ್ಸಿ ಬರ್ತಿತ್ತು, 11ನೇ ಲೆವೆಲ್‌ನಲ್ಲಿ +4. ಮೂರನ್ನೂ ಕತ್ತಿಗೇ ಸುರಿದ್ಯಾ?

ಸುಟ್ಟ_ಕವಚ:
...ಕತ್ತಿ ದೊಡ್ಡದಿತ್ತು.

ಕುಡ್ಲ_ಕ್ಲೆರಿಕ್:
😂😂

ಪಾತ್‌ಫೈಂಡರ್_ಪರಮೇಶಿ:
ಇಷ್ಟು ಹೊತ್ತು ತಡ್ಕೊಂಡಿದ್ದೆ. ಈಗ ಹೇಳಲೇಬೇಕು.

ನ್ಯೂಜರ್ಸಿ_ನೆಕ್ರೋ:
ಬಂದ್ರಪ್ಪ.

ಪಾತ್‌ಫೈಂಡರ್_ಪರಮೇಶಿ:
ಇದೇ ಥರದ ಇನ್ನೊಂದು ಆಟವಾದ 2019ರ ಪಾತ್‌ಫೈಂಡರ್ 2ನೇ ಆವೃತ್ತಿಯಲ್ಲಿ ಈ ಜಗಳ ಹುಟ್ಟೋದೇ ಇಲ್ಲ. ಸೇವ್‌ಗೆ ಪಾಸ್-ಫೇಲ್ ಅಂತ ಎರಡಲ್ಲ, ನಾಲ್ಕು ಮೆಟ್ಟಿಲು. ಡಿಸಿಗಿಂತ 10 ಜಾಸ್ತಿ ಬಂದ್ರೆ ಭರ್ಜರಿ ಪಾಸ್, 10 ಕಮ್ಮಿ ಬಂದ್ರೆ ಭಾರೀ ಫೇಲ್. ಬೆಂಕಿ ಥರದ್ದಕ್ಕೆ: ಭರ್ಜರಿ ಪಾಸ್ ಆದ್ರೆ ಏನೂ ಇಲ್ಲ, ಪಾಸ್ ಆದ್ರೆ ಅರ್ಧ, ಫೇಲ್ ಆದ್ರೆ ಪೂರ್ತಿ, ಭಾರೀ ಫೇಲ್ ಆದ್ರೆ ಡಬಲ್.

20 ಬಿದ್ರೆ ಒಂದು ಮೆಟ್ಟಿಲು ಮೇಲೆ, 1 ಬಿದ್ರೆ ಒಂದು ಮೆಟ್ಟಿಲು ಕೆಳಗೆ. ನಿಮ್ಮ ಫೈಟರ್‌ದೇ ತಗೊಳ್ಳಿ. ಟೋಟಲ್ 20, ಡಿಸಿ 21, ಫೇಲ್. ದಾಳದಲ್ಲಿ 20 ಇರೋದ್ರಿಂದ ಒಂದು ಮೆಟ್ಟಿಲು ಏರಿ ಪಾಸ್. ಅರ್ಧ ಡ್ಯಾಮೇಜ್. ಮನೆಗೆ ಹೋಗಿ ಊಟ ಮಾಡಿ. ಕುಣಿದಿದ್ದೂ ವೇಸ್ಟ್ ಆಗಲಿಲ್ಲ, ಡ್ರ್ಯಾಗನ್‌ಗೂ ಮರ್ಯಾದೆ ಉಳೀತು.

ಲೆಕ್ಕದ_ಮೇಷ್ಟ್ರು:
ಇದು ಒಪ್ಪಬೇಕಾದ ಮಾತು. ಆದರೆ ಅಲ್ಲಿ ಫೈಟರ್‌ನ ಸೇವ್‌ಗೆ ಲೆವೆಲ್ಲೇ ಸೇರೋದ್ರಿಂದ 11ನೇ ಲೆವೆಲ್‌ನಲ್ಲಿ ಯಾರ ಬೋನಸ್ಸೂ ಸೊನ್ನೆ ಇರಲ್ಲ. ಹಳೇ ಪೆಟ್ಟಿಗೆಯವರ ಅರ್ಧ ದೂರಿಗೆ ಅದೇ ಉತ್ತರ.

ಧಾರವಾಡ_ಡ್ರೂಯಿಡ್:
4ನೇ ಆವೃತ್ತಿ ಯಾರೂ ನೆನಸವಲ್ರಿ ಪಾಪ.

ನ್ಯೂಜರ್ಸಿ_ನೆಕ್ರೋ:
ನೆನೆಸದೇ ಇರೋದೇ ಒಳ್ಳೇದು ಅನ್ನೋರು ಜಾಸ್ತಿ. ನನಗೇನೋ ಅದು ಇಷ್ಟ. 2008ರಲ್ಲಿ ಬಂದಾಗ ಎಲ್ಲ ತಿರುಗಿಸಿಬಿಟ್ರು. ಫಾರ್ಟಿಟ್ಯೂಡ್, ರಿಫ್ಲೆಕ್ಸ್, ವಿಲ್ ಮೂರೂ ಎಸಿ ಥರ ಸ್ಥಿರ ಸಂಖ್ಯೆ. ಡ್ರ್ಯಾಗನ್ನೇ ನಿನ್ನ ರಿಫ್ಲೆಕ್ಸ್ ಮೇಲೆ ದಾಳ ಹಾಕತ್ತೆ. ಸೇವಿಂಗ್ ಥ್ರೋ ಅನ್ನೋ ಹೆಸರನ್ನ ಬೇರೆ ಕೆಲಸಕ್ಕೆ ಇಟ್ಕೊಂಡ್ರು: ಮೈಗೆ ಹತ್ತಿದ ಬೆಂಕಿ, ವಿಷ, ಜಡ ಬಿಡಿಸ್ಕೊಳ್ಳೋಕೆ ಪ್ರತೀ ಸರದಿ ಕೊನೇಲಿ ಒಂದು ದಾಳ, 10 ಅಥವಾ ಜಾಸ್ತಿ ಬಿದ್ರೆ ಬಿಡುಗಡೆ. ಯಾರಾದ್ರೂ ಸರಿ, ಯಾವ ಲೆವೆಲ್ ಆದ್ರೂ ಸರಿ, ಶುರು 55 ಪರ್ಸೆಂಟ್‌ನಿಂದ.

ಸುಟ್ಟ_ಕವಚ:
ಅಂದ್ರೆ ಬೆಂಕಿ ಬಂದಾಗ ನಾನು ಕೈಕಟ್ಟಿ ಕೂತಿರಬೇಕು, ಡಿಎಂ ದಾಳ ಹಾಕಿ ನನ್ನ ಸುಡ್ತಾರೆ? ಬೇಡ. ಸಾಯೋದಾದ್ರೆ ನನ್ನ ಕೈಯಿಂದಲೇ ಸಾಯ್ತೀನಿ.

ಹಳೇ_ಪೆಟ್ಟಿಗೆ:
ಈ ಹುಡುಗನಿಗೆ ವಿಷಯ ಅರ್ಥ ಆಗಿದೆ.

ಚೌಕಾಬಾರ_ಚಾಂಪಿಯನ್:
ಸ್ವಲ್ಪ ಆಫ್ ಟಾಪಿಕ್. ನಾವು ಮನೇಲಿ ಚೌಕಾಬಾರ ಕವಡೆಯಲ್ಲಿ ಆಡ್ತೀವಿ. ಅಜ್ಜಿ ಕೈಗೆ ಬಂದ್ರೆ ಬರೀ ಬಾರಾ. ಡಿ20ಯಲ್ಲೂ ಹೀಗೆ ಕೈಗುಣ ಇರತ್ತಾ?

ಲೆಕ್ಕದ_ಮೇಷ್ಟ್ರು:
ಅಜ್ಜಿ ಕೈಗುಣದ ಬಗ್ಗೆ ನಾನು ಮಾತಾಡಲ್ಲ, ಆದರೆ ಎರಡೂ ಬೇರೆ ಬೇರೆ ಪ್ರಾಣಿ. ನಾಲ್ಕು ಕವಡೆ ಎಸೆದ್ರೆ ಬಾಯಿ ಮೇಲಾದಷ್ಟು ಮನೆ, ನಾಲ್ಕೂ ಮಕಾಡೆ ಬಿದ್ರೆ ಎಂಟು, ಅದೇ ಬಾರಾ. ಕವಡೆ ಎರಡೂ ಕಡೆ ಸಮ ಬೀಳತ್ತೆ ಅಂದ್ಕೊಂಡ್ರೆ 2 ಬೀಳೋಕೆ 16ರಲ್ಲಿ 6 ಚಾನ್ಸ್, ಬಾರಾ ಬೀಳೋಕೆ 16ರಲ್ಲಿ 1. ನಡುವೆ ದಪ್ಪ, ತುದಿ ಸಣ್ಣ. ನಿಜವಾದ ಕವಡೆ ಸಮ ಬೀಳಲ್ಲ, ಒಂದು ಕಡೆಗೆ ವಾಲತ್ತೆ. ಅಜ್ಜಿಗೆ ತಮ್ಮ ಕವಡೆ ಯಾವ ಕಡೆಗೆ ವಾಲತ್ತೆ ಅಂತ ಗೊತ್ತಿರಬಹುದು.

ಡಿ20ಯಲ್ಲಿ ಪ್ರತೀ ಮುಖಕ್ಕೂ 5 ಪರ್ಸೆಂಟ್, ಪೂರ್ತಿ ಚಪ್ಪಟೆ. 1 ಬೀಳೋದೂ 20 ಬೀಳೋದೂ 11 ಬೀಳೋದೂ ಒಂದೇ. ಅದಕ್ಕೇ ಇಲ್ಲಿ ಒಂದೊಂದು +1 ಕೂಡ ಸರಿಯಾಗಿ 5 ಪರ್ಸೆಂಟ್. ಪಾಲಡಿನ್ ಒಂದು ಚೌಕ ಮುಂದೆ ಬಂದಿದ್ರೆ 15 ಪರ್ಸೆಂಟ್.

ಶಿರಸಿ_ಸೋರ್ಸರರ್:
ಪಾಲಡಿನ್ ಈ ಥ್ರೆಡ್ ಓದ್ತಿದ್ರೆ ದಯವಿಟ್ಟು ಏನಾದ್ರೂ ಹೇಳಿ.

ಕುಡ್ಲ_ಕ್ಲೆರಿಕ್:
ಡೆತ್ ಸೇವ್ ಬಗ್ಗೆ ಯಾರೂ ಮಾತಾಡಲಿಲ್ಲ. 7 ಮತ್ತು 1, ಎರಡೇ ದಾಳದಲ್ಲಿ ಸತ್ತದ್ದು ತುಂಬ ಅಪರೂಪ ಅಲ್ವಾ? ಯಾರೂ ಕೈ ಹಾಕದಿದ್ದರೂ ಬದುಕುವ ಚಾನ್ಸೇ ಜಾಸ್ತಿ ಅಂತ ನನ್ನ ಲೆಕ್ಕ.

ಲೆಕ್ಕದ_ಮೇಷ್ಟ್ರು:
ಜಾಸ್ತಿ, ಆದರೆ ನೀವಂದುಕೊಂಡಷ್ಟಿಲ್ಲ. ಮೂರು ಪಾಸ್ ಮೊದಲು ಬಂತಾ, ಮೂರು ಫೇಲ್ ಮೊದಲು ಬಂತಾ, 1ಕ್ಕೆ ಎರಡು ಫೇಲ್, 20ಕ್ಕೆ ಎದ್ದು ಕೂರೋದು, ಎಲ್ಲ ಸೇರಿಸಿದ್ರೆ ಸಾಯೋ ಸಾಧ್ಯತೆ 40.5 ಪರ್ಸೆಂಟ್. ಅದೂ ಬಿದ್ದವನನ್ನ ಯಾರೂ ಮತ್ತೆ ಹೊಡೀದೇ ಇದ್ರೆ. ಬಿದ್ದಿರೋವಾಗ ಡ್ಯಾಮೇಜ್ ಆದ್ರೆ ಒಂದು ಫೇಲ್. ಪ್ರಜ್ಞೆ ತಪ್ಪಿದವನಿಗೆ 5 ಅಡಿ ಒಳಗಿಂದ ಹೊಡೆತ ತಗುಲಿದ್ರೆ ಅದು ಕ್ರಿಟಿಕಲ್, ಎರಡು ಫೇಲ್. ಒಂದು ಫೇಲ್ ಆದ ಮೇಲೆ ಉಳಿಯೋದಕ್ಕಿಂತ ಸಾಯೋದೇ ಜಾಸ್ತಿ, 58 ಪರ್ಸೆಂಟ್. ಅದಕ್ಕೇ ಬಿದ್ದವನನ್ನ "ಇನ್ನೂ ಮೂರು ರೌಂಡ್ ಇದೆ" ಅಂತ ಬಿಡಬೇಡಿ.

ಗುಹೆಗಾರ:
ಸರಿ, ಒಂದು ಮನೆ ರೂಲ್ ಮಾಡೋಣ ಅಂತ ಯೋಚನೆ. ಸೇವ್‌ನಲ್ಲಿ 20 ಬಿದ್ರೆ ಪಾಸ್. 1 ಬಿದ್ರೆ ಫೇಲ್. ಏನಂತೀರಿ?

ಸುಟ್ಟ_ಕವಚ:
20ರದ್ದು ಓಕೆ. 1ರದ್ದು ಯಾಕೆ?

ಗುಹೆಗಾರ:
ನೋಡಿದ್ರಾ ಇವನ್ನ?

ಶಿರಸಿ_ಸೋರ್ಸರರ್:
1ರ ರೂಲ್ ತಂದ್ರೆ ಹೊಡೆತ ಬೀಳೋದು ಮಾಂತ್ರಿಕರಿಗೆ. ನನ್ನ ಕಾನ್ (ಮೈಗಟ್ಟಿತನದ) ಸೇವ್ +9. ಪೆಟ್ಟು ಬಿದ್ರೂ ಸ್ಪೆಲ್ ಕೈತಪ್ಪದ ಹಾಗೆ ಹಿಡಿದಿಡೋ ಕಾನ್ಸಂಟ್ರೇಷನ್‌ಗೆ ಡಿಸಿ 10, ಅಥವಾ ಡ್ಯಾಮೇಜಿನ ಅರ್ಧ, ಯಾವುದು ಜಾಸ್ತಿಯೋ ಅದು. ಚಿಲ್ಲರೆ ಪೆಟ್ಟಿಗೆಲ್ಲ ಡಿಸಿ 10. ಈಗ ನನಗೆ 1 ಬಿದ್ರೂ ಪಾಸ್. ನಿಮ್ಮ ಮನೆ ರೂಲ್ ಪ್ರಕಾರ ಗಾಬ್ಲಿನ್ ಕಲ್ಲು ಎಸೆದಾಗಲೆಲ್ಲ 5 ಪರ್ಸೆಂಟ್ ನನ್ನ ಸ್ಪೆಲ್ ಹಾರಿಹೋಗ್ತದೆ. ನಾನು ಆ ಫೀಟ್‌ಗೆ ಖರ್ಚು ಮಾಡಿದ್ದು ಯಾಕೆ ಹಾಗಾದ್ರೆ?

ಪಾತ್‌ಫೈಂಡರ್_ಪರಮೇಶಿ:
ಮತ್ತೆ ರೂಲ್ ಅಂದ್ರೆ ರಾಕ್ಷಸರಿಗೂ ಅನ್ವಯ. ಹಾಫ್ ಡಜನ್ ಜೋಂಬಿ ಮೇಲೆ ಫೈರ್‌ಬಾಲ್ ಹಾಕಿದ್ರೆ ಅವಕ್ಕೂ 20 ಬೀಳತ್ತೆ. ಆದರೂ ಲೆಕ್ಕ ಹಾಕಿದ್ರೆ 20ರ ರೂಲ್‌ನಿಂದ ಬದಲಾಗೋದು ಬೋನಸ್ ಸೇರಿಸಿದ್ರೂ ಡಿಸಿ ಮುಟ್ಟಲಾಗದ ಕಡೆ ಮಾತ್ರ. ಅಂಥ ಸಂದರ್ಭ ಬರೋದೇ ದೊಡ್ಡ ದೊಡ್ಡ ಬಾಸ್ ಎದುರು. 1ರ ರೂಲ್ ದಿನಾ ಕಚ್ಚತ್ತೆ, 20ರ ರೂಲ್ ವರ್ಷಕ್ಕೊಂದ್ಸಲ ಹಬ್ಬ. ಎರಡನ್ನೂ ಒಂದೇ ತಕ್ಕಡೀಲಿ ಇಡಬೇಡಿ.

ಧಾರವಾಡ_ಡ್ರೂಯಿಡ್:
ಆ ಬಾಸ್‌ಗೋಳಿಗೆ ಲೆಜೆಂಡರಿ ರೆಸಿಸ್ಟನ್ಸ್ ಐತಿ, ಅದನ್ನ ಯಾರೂ ಹೇಳವಲ್ರಿ. ಅದ ಡ್ರ್ಯಾಗನ್ ದಿನಕ್ಕ ಮೂರು ಸಲ "ನಾ ಫೇಲ್ ಆಗಿಲ್ಲ, ಪಾಸ್ ಆಗೇನಿ" ಅಂತ ಹೇಳಬಹುದು! ದಾಳದಾಗ ಎಷ್ಟರ ಬೀಳ್ಲಿ! ನಾವು 20 ಒಗದ್ರೂ ಫೇಲ್, ಅದು 2 ಒಗದ್ರೂ ಪಾಸ್. ಎಂಥಾ ನ್ಯಾಯ ಇದು?

ನ್ಯೂಜರ್ಸಿ_ನೆಕ್ರೋ:
ಅದಿಲ್ಲದಿದ್ರೆ ಒಂದೇ ಸ್ಪೆಲ್‌ಗೆ ಬಾಸ್ ಮಟಾಷ್. ಮೊದಲನೇ ರೌಂಡಲ್ಲೇ ಡ್ರ್ಯಾಗನ್ ಕಪ್ಪೆ ಆಗಿ ಕೂತ್ರೆ ಉಳಿದ ಮೂರು ಗಂಟೆ ಏನು ಮಾಡ್ತೀರಿ? ಆದರೆ ಬೇಜಾರಿನ ರೂಲ್ ಅನ್ನೋದನ್ನ ಒಪ್ತೀನಿ. ನಿನ್ನ ಸ್ಪೆಲ್ ಹತ್ತಿದ್ದು ಕಣ್ಣಿಗೆ ಕಾಣತ್ತೆ, ಡಿಎಂ ರಬ್ಬರ್ ತಗೊಂಡು ಅಳಿಸ್ತಾರೆ. ನಾನು ಪ್ರತೀ ಸಲ ಏನಾದ್ರೂ ಕಥೆ ಸೇರಿಸ್ತೀನಿ: ಒಂದು ರೆಕ್ಕೆ ಕಮರಿ ಹೋಯ್ತು, ಒಂದು ಕೊಂಬು ಸೀಳ್ತು. ಮೂರು ಮುಗಿದ ಮೇಲೆ ಅದರ ಅವತಾರ ನೋಡಿದ್ರೇ ಗೊತ್ತಾಗತ್ತೆ.

ಹಳೇ_ಪೆಟ್ಟಿಗೆ:
ಅಂದ್ರೆ ಡ್ರ್ಯಾಗನ್‌ಗೆ ಅದರ ಸೇವ್ ಅದರ ಸ್ವಂತ ಆಸ್ತಿ. ಫೈಟರ್‌ಗೆ ಮಾತ್ರ ಬಾಡಿಗೆ ಮನೆ.

ಲೆಕ್ಕದ_ಮೇಷ್ಟ್ರು:
ಫೈಟರ್‌ಗೂ ಇದೆ ಸಾರ್, 9ನೇ ಲೆವೆಲ್‌ನಲ್ಲಿ ಇಂಡಾಮಿಟಬಲ್. ಫೇಲ್ ಆದ ಸೇವ್ ಮತ್ತೊಂದ್ಸಲ ಹಾಕಬಹುದು. 2014ರಲ್ಲಿ ಅದು ಬಡಪಾಯಿ, ಯಾಕಂದ್ರೆ 10 ಪರ್ಸೆಂಟ್ ಇದ್ದವನು ಮತ್ತೆ 10 ಪರ್ಸೆಂಟ್‌ಗೇ ಹಾಕ್ತಾನೆ. 2024ರಲ್ಲಿ ಆ ಎರಡನೇ ದಾಳಕ್ಕೆ ಫೈಟರ್ ಲೆವೆಲ್ ಪೂರ್ತಿ ಸೇರತ್ತೆ. 17ನೇ ಲೆವೆಲ್ ಫೈಟರ್‌ಗೆ +17. ಡಿಸಿ 19 ಆಗಿದ್ರೂ 2 ಬಿದ್ರೆ ಸಾಕು. ನಿಮ್ಮ ದೂರು ಅವರ ಕಿವಿಗೂ ಬಿದ್ದಂತಿದೆ.

ಗುಹೆಗಾರ:
ಒಂದ್ನಿಮಿಷ. @ಸುಟ್ಟ_ಕವಚ, ನೀನು 11ನೇ ಲೆವೆಲ್. ಇಂಡಾಮಿಟಬಲ್ ಯಾಕೆ ಉಪಯೋಗಿಸಲಿಲ್ಲ?

ಸುಟ್ಟ_ಕವಚ:
ಮೊದಲನೇ ರೌಂಡಲ್ಲಿ ಡ್ರ್ಯಾಗನ್ನಿನ ಭಯಾನಕ ರೂಪ ನೋಡಿದಾಗಲೇ ಖರ್ಚಾಯ್ತು. ವಿಸ್‌ಡಮ್ ಸೇವ್, ಡಿಸಿ 19. ಎರಡು ಸಲ ಹಾಕಿದ್ರೂ ಆಗಲಿಲ್ಲ, ಹೆದರಿಕೊಂಡೇ ಇದ್ದೆ. ಉಪಯೋಗಿಸೋದಕ್ಕೆ ಇದ್ದಿದ್ದೇ ಒಂದು. ಇದ್ದಿದ್ರೂ 20 ಬಿದ್ದ ದಾಳಾನ ಮತ್ತೆ ಹಾಕಿ ಏನು 21 ತರಬೇಕಿತ್ತಾ?

ಕುಡ್ಲ_ಕ್ಲೆರಿಕ್:
ಹೆದರಿದ್ದಕ್ಕೆ ಡೆಕ್ಸ್ ಸೇವ್‌ಗೆ ಡಿಸ್‌ಅಡ್ವಾಂಟೇಜ್ ಕೊಡಲಿಲ್ಲ ತಾನೆ? ಕೆಲವು ಡಿಎಂಗಳು ಕೊಡ್ತಾರೆ. ಹೆದರಿಕೆಯಿಂದ ಕೆಡುವುದು ಅಟ್ಯಾಕ್ ಮತ್ತು ಎಬಿಲಿಟಿ ಚೆಕ್ ಮಾತ್ರ. ಸೇವ್ ಕೆಡುವುದಿಲ್ಲ.

ಗುಹೆಗಾರ:
ಇಲ್ಲ ಇಲ್ಲ, ಅದು ಸರಿಯಾಗೇ ಮಾಡಿದ್ದೀನಿ. ಇವತ್ತು ಗ್ರೂಪಲ್ಲಿ ವೋಟ್ ಹಾಕಿಸ್ದೆ. 20 ಬಿದ್ರೆ ಪರಮೇಶಿ ಹೇಳಿದ ಥರ ಒಂದು ಮೆಟ್ಟಿಲು ಮೇಲೆ, 1ಕ್ಕೆ ಏನೂ ಬದಲಾವಣೆ ಇಲ್ಲ. ರಾಕ್ಷಸರಿಗೂ ಇದೇ. ಆದರೆ ಹಿಂದಿನ ತಾರೀಖಿಂದ ಜಾರಿ ಇಲ್ಲ. ಸತ್ತವನು ಸತ್ತ.

ಸುಟ್ಟ_ಕವಚ:
ಕಂಬದ ತೀರ್ಪು?

ಗುಹೆಗಾರ:
ಸೊಂಟದ ಎತ್ತರ.

ಕುಡ್ಲ_ಕ್ಲೆರಿಕ್:
ನಿಮ್ಮ ಕ್ಲೆರಿಕ್ ಮದುವೆ ಊಟ ಮುಗಿಸಿ ಬಂದರೋ ಇಲ್ವೋ? ಸತ್ತವರನ್ನು ಎಬ್ಬಿಸುವ ಸ್ಪೆಲ್‌ಗಳಲ್ಲಿ ರಿವಿವಿಫೈ ಅಂತೂ ಒಂದು ನಿಮಿಷದ ಒಳಗೆ ಆಗಬೇಕು, ಅದು ಹೋಯ್ತು. ರೈಸ್ ಡೆಡ್‌ಗೆ ಹತ್ತು ದಿನ ಟೈಮ್ ಉಂಟು, 500 ಗೋಲ್ಡ್ ಬೆಲೆಯ ವಜ್ರ ಬೇಕು. 11ನೇ ಲೆವೆಲ್ ಕ್ಲೆರಿಕ್ ಹತ್ತಿರ ಆ ಸ್ಪೆಲ್ ಇರ್ತದೆ.

ಸುಟ್ಟ_ಕವಚ:
ವಜ್ರ ಇದೆ! ರೋಗ್ ಹತ್ರ ಇದೆ, ಕೊಡ್ತಾನಂತೆ. ಮುಂದಿನ ವಾರ ವಾಪಸ್ ಬರ್ತಿದ್ದೀನಿ.

ಶಿರಸಿ_ಸೋರ್ಸರರ್:
ರೈಸ್ ಡೆಡ್‌ನ ಕೊನೇ ಪ್ಯಾರಾ ಓದು. ಎದ್ದವನಿಗೆ ಅಟ್ಯಾಕ್, ಚೆಕ್, ಸೇವ್ ಎಲ್ಲಕ್ಕೂ −4. ಒಂದೊಂದು ಲಾಂಗ್ ರೆಸ್ಟ್‌ಗೆ, ಅಂದ್ರೆ ರಾತ್ರಿಯ ವಿಶ್ರಾಂತಿಗೆ, ಒಂದೊಂದು ಕಮ್ಮಿ ಆಗ್ತದೆ.

ಸುಟ್ಟ_ಕವಚ:
@ಗುಹೆಗಾರ ಡ್ರ್ಯಾಗನ್ ಇನ್ನೂ ಅದೇ ಬೆಟ್ಟದಲ್ಲಿದೆಯಾ?

ಗುಹೆಗಾರ:
ಇದೆ. ನಾಲ್ಕು ದಿನ ಕಾಯತ್ತೋ ಇಲ್ವೋ ಅದನ್ನ ಕೇಳಬೇಕು.

ಚೌಕಾಬಾರ_ಚಾಂಪಿಯನ್:
ನಿಮ್ಮ ಟೇಬಲ್‌ನಲ್ಲಿ ಒಂದು ಸೀಟ್ ಖಾಲಿ ಇದ್ರೆ ಹೇಳಿ, ಪಾಲಡಿನ್ ಆಡ್ತೀನಿ. 10 ಅಡಿ ಬಿಟ್ಟು ಆಚೀಚೆ ಹೋಗಲ್ಲ.